ಹಿಂದಿನ ತಾರೀಖಿನ ಸರ್ಟಿಫಿಕೇಟ್ ಕೇಳಬೇಡಿ

ಪ್ರಶ್ನೆ: ಸರ, ಗಿಣಿಗೇರಿ ಹತ್ರ ಫ್ಯಾಕ್ಟರಿಯೊಳಗ ಕೆಲಸ ಮಾಡ್ತೀನಿ. ಒಂಬತ್ತು ದಿನ ಜ್ವರ ಬಂದು ಮನ್ಯಾಗ ಮಲಗಿದ್ದೆ. ಊರಾಗಿನ ಆರ್‌ಎಂಪಿ ಡಾಕ್ಟರ್ ಎರಡನೇ ದಿನಾನೇ ಟೈಫಾಯಿಡ್ ಅಂದು ದಿನಾ ಬಾಟ್ಲಿ ಹಚ್ಚಿದ್ರು, ಚೀಟಿ ಕೊಡಲಿಲ್ಲ. ಈಗ ಆಫೀಸಿನ್ಯಾಗ ಸರ್ಟಿಫಿಕೇಟ್ ಕೇಳಾಕತ್ಯಾರ. ಹಿಂದಿನ ತಾರೀಖು ಹಾಕಿ ಯಾರು ಕೊಡ್ತಾರ? ಇಎಸ್‌ಐ (ನೌಕರರ ರಾಜ್ಯ ವಿಮೆ) ಐತಿ.

ಉತ್ತರ: ಯಾರೂ ಕೊಡಬಾರದು. ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುತ್ತದೆ, ಉತ್ತರ ಬದಲಾಗುವುದಿಲ್ಲ. ವೈದ್ಯರು ಕೊಟ್ಟ ಪ್ರತಿ ಸರ್ಟಿಫಿಕೇಟಿನ ವಿವರವನ್ನೂ ರಿಜಿಸ್ಟರಿಗೆ ಏರಿಸಿ, ನಕಲು ಇಟ್ಟುಕೊಳ್ಳಬೇಕು ಎಂದು 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತದೆ. ಸರ್ಟಿಫಿಕೇಟಿನಲ್ಲೂ ನಿಮ್ಮ ವಿಳಾಸ, ಸಹಿ ಇಲ್ಲವೇ ಹೆಬ್ಬೆಟ್ಟು, ಮಚ್ಚೆಯೋ ಗಾಯದ ಕಲೆಯೋ ಒಂದು ಗುರುತು ಇರುತ್ತದೆ. ರಿಜಿಸ್ಟರಿನಲ್ಲಿ ನಿನ್ನೆಯ ಕೊನೆಯ ನಂಬರ್ 46 ಆಗಿದ್ದರೆ ಇವತ್ತು ನಿಮ್ಮದು 47. ಒಂಬತ್ತು ದಿನ ಹಿಂದಿನ ಪುಟದಲ್ಲಿ ಅದನ್ನು ತೂರಿಸಲು ಜಾಗ ಎಲ್ಲಿದೆ? ಸುಳ್ಳು ಬರೆದ ವೈದ್ಯರ ಹೆಸರನ್ನು ನೋಂದಣಿ ಪಟ್ಟಿಯಿಂದಲೇ ತೆಗೆಯಬಹುದು. ಅದನ್ನು ಒಯ್ದು ಕೊಟ್ಟ ನಿಮ್ಮ ನೌಕರಿಗೂ ಕುತ್ತು.

ಹಾಗಂತ ದಾರಿ ಮುಚ್ಚಿಲ್ಲ. ಇವತ್ತೇ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗಿ. ರಕ್ತ ಪರೀಕ್ಷೆಯ ವರದಿ, ಮೆಡಿಕಲ್ ಅಂಗಡಿಯ ತಾರೀಖಿರುವ ಬಿಲ್ಲು ಏನಿದ್ದರೂ ಒಯ್ಯಿರಿ. ವೈದ್ಯರು ಇವತ್ತಿನ ತಾರೀಖಿನಲ್ಲೇ ಬರೆಯುತ್ತಾರೆ: ‘ರೋಗಿಯ ಹೇಳಿಕೆಯಂತೆ ಒಂಬತ್ತು ದಿನ ಜ್ವರವಿತ್ತು’, ಇಂದು ಪರೀಕ್ಷಿಸಿದಾಗ ಕಂಡದ್ದು ಇಷ್ಟು, ಇಂದಿನಿಂದ ಇಷ್ಟು ದಿನ ವಿಶ್ರಾಂತಿ ಬೇಕು. ಹೇಳಿಕೆ ಬೇರೆ, ಕಂಡದ್ದು ಬೇರೆ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಬರೆಸಿಕೊಳ್ಳಬೇಡಿ. ಕಳೆದ ಒಂಬತ್ತು ದಿನವನ್ನು ಗಳಿಕೆ ರಜೆಗೆ ಹಾಕಬೇಕೋ ಸಂಬಳ ಕಡಿಯಬೇಕೋ ಎನ್ನುವುದು ಕಂಪನಿಯ ತೀರ್ಮಾನ, ವೈದ್ಯರದಲ್ಲ.

ಮೊದಲ ದಿನವೇ ಹೋಗಿದ್ದರೆ? ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿದ್ದರೆ, ಅದಕ್ಕೆ ಹೊಂದಿದ ಸೌಲಭ್ಯದ ಆರು ತಿಂಗಳಲ್ಲಿ ಕಾಯಿಲೆ ಬಿದ್ದಾಗ ದಿನಗೂಲಿಯ ಶೇ. 70ರಷ್ಟು ಹಣ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಇಲ್ಲ. ದಿನಗೂಲಿ 500 ರೂಪಾಯಿ ಎಂದರೆ 350ರಂತೆ ಏಳು ದಿನಕ್ಕೆ 2,450 ರೂಪಾಯಿ. ಅದೂ ಹೋಯಿತು, ಮೇಲೆ ಬಾಟ್ಲಿಗೆ ಕೈಯಿಂದ ಖರ್ಚು. ಅರ್ಧ ಲೀಟರಿನ ಶೇ. 5ರ ಗ್ಲುಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಬಾಯಿಂದ ಗಂಜಿ ಇಳಿಯುವವರಿಗೆ ಅದು ಯಾಕೆ? ಟೈಫಾಯಿಡ್ ಪತ್ತೆಗೆ ಎರಡನೇ ದಿನ ಮಾಡುವ ವಿಡಾಲ್ ರಕ್ತ ಪರೀಕ್ಷೆಯನ್ನೂ ನಂಬಬೇಡಿ. ಮೊದಲ ವಾರದಲ್ಲಿ ಅದು ಪಾಸಿಟಿವ್ ಬರದಿರಬಹುದು, ಹಳೆಯ ಸೋಂಕಿಗೂ ಪಾಸಿಟಿವ್ ಬರಬಹುದು. ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕಿತ್ತು. ವೈದ್ಯ ಪದವಿ, ನೋಂದಣಿ ಇಲ್ಲದೆ ಬೋರ್ಡಿಗೆ ‘ಆರ್‌ಎಂಪಿ’ ಬರೆದುಕೊಂಡವರು ನಿಮ್ಮ ಜ್ವರವನ್ನೂ ಗುರುತಿಸಲಿಲ್ಲ, ರಜೆಯನ್ನೂ ಉಳಿಸಲಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ನಿಮ್ಮ ಸಹಿ ವೈದ್ಯರ ಎದುರಿಗೇ ಆಗಬೇಕು. ರೋಗದ ಹೆಸರು, ಎಷ್ಟು ದಿನ, ಯಾವತ್ತಿನಿಂದ, ವೈದ್ಯರ ನೋಂದಣಿ ಸಂಖ್ಯೆ ಇವೆಯೇ ನೋಡಿ. ಹೆಚ್ಚಾಗಿ ವಾಪಸ್ ಬರುವುದು ನೋಂದಣಿ ಸಂಖ್ಯೆ ಕಾಣದಷ್ಟು ಮಸುಕಾದ ಸೀಲಿನಿಂದ. ಹಾಗಿದ್ದರೆ ಕೈಯಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ವಾಟ್ಸಾಪಿನಲ್ಲಿ ಆಧಾರ್ ಫೋಟೋ ಕಳಿಸಿದರೆ ಸರ್ಟಿಫಿಕೇಟ್ ಬರುತ್ತದಂತೆ, ನಡೆಯುತ್ತದೆಯೇ? (ಬಳ್ಳಾರಿ)

ಉತ್ತರ: ಇಲ್ಲ. ಆಧಾರ್ ಕೂಡ ಕಳಿಸಬೇಡಿ.

ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕಿ. ಹತ್ತು ದಿನ ಪರಿವರ್ತಿತ ರಜೆ (ಅರ್ಧ ವೇತನ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿದ್ದು) ಹಾಕಿದರೆ ಎಷ್ಟು ಕಡಿತ? (ಸಿಂಧನೂರು)

ಉತ್ತರ: ಅರ್ಧ ವೇತನ ರಜೆಯಲ್ಲಿ 20 ದಿನ.

ಪ್ರಶ್ನೆ: ಅಣ್ಣನಿಗೆ ಕ್ಷಯ. ಸರ್ಟಿಫಿಕೇಟಿನಲ್ಲಿ ಬರೀ ‘ಕೆಮ್ಮು’ ಅಂತ ಬರೆಸಬಹುದೇ? ಕೆಲಸ ಹೋದೀತು ಅಂತ ಹೆದರಿಕೆ. (ರಾಯಚೂರು)

ಉತ್ತರ: ಬೇಡಮ್ಮಾ. ಕ್ಷಯ ಎಂದು ಬರೆದರೇ ಅವರಿಗೆ ಲಾಭ. ಇಎಸ್‌ಐ ಪಟ್ಟಿಯ 34 ದೀರ್ಘ ಕಾಯಿಲೆಗಳಲ್ಲಿ ಕ್ಷಯವೂ ಇದೆ. ಎರಡು ವರ್ಷ ಸತತ ಕೆಲಸದಲ್ಲಿದ್ದು ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನ ತುಂಬಿದ್ದರೆ, 91 ದಿನ ಮುಗಿದ ಮೇಲೂ ಶೇ. 80ರಷ್ಟು ಹಣ ಸಿಗುತ್ತದೆ. ‘ಕೆಮ್ಮು’ ಎಂದು ಬರೆಸಿದರೆ ಅದೂ ಇಲ್ಲ, ಪಕ್ಕದಲ್ಲಿ ಕೆಲಸ ಮಾಡುವವರ ತಪಾಸಣೆಯೂ ಆಗುವುದಿಲ್ಲ. ಆರು ತಿಂಗಳ ಮಾತ್ರೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ಡೆಂಗಿ ಜ್ವರ ನಿನ್ನೆ ಇಳಿಯಿತು. ಭಟ್ಟಿ ಮುಂದಿನ ಕೆಲಸ. ನಾಳೆಗೆ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗುತ್ತದೆಯೇ? (ಸಂಡೂರು)

ಉತ್ತರ: ನಾಳೆ ಬೇಡ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಫಿಟ್‌ನೆಸ್ ಮಾತು ಬಿಟ್ಟು ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.