ದೋಟಿ ಫೈಬರ್‌ದೇ, ಆದರೆ ಯಾವ ಫೈಬರ್?

ಪ್ರಶ್ನೆ: ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯುವುದಕ್ಕೆ ಕಾರ್ಬನ್ ಫೈಬರ್ ದೋಟಿ ತಂದಿದ್ದೇನೆ. ತೋಟದ ಅಂಚಿನಲ್ಲಿ 11 ಕೆ.ವಿ. (11,000 ವೋಲ್ಟ್) ಲೈನ್ ಇದೆ. ಕರೆಂಟ್ ಹರಿದರೆ ಬೀಪ್ ಅನ್ನುವ ಮಲ್ಟಿಮೀಟರ್ ಹಿಡಿದು ನೋಡಿದೆ, ಬೀಪ್ ಬರಲಿಲ್ಲ. ಫೈಬರ್ ಅಲ್ವಾ, ಭಯ ಇಲ್ಲ ತಾನೇ?

ಉತ್ತರ: ಮಳೆಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆ. ಭಯ ಇದೆ ಸ್ವಾಮಿ. ಫೈಬರ್ ಅಂದರೆ ನಾರು, ಅಷ್ಟೇ. ಯಾವುದರ ನಾರು ಅಂತ ಕೇಳಬೇಕು. ಲೈನ್‌ಮನ್ ಹಿಡಿಯುವ ಕೋಲು ಗಾಜಿನ ನಾರಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕಾರ್ಬನ್ ನಾರಿನಲ್ಲಿ ಹರಿಯುತ್ತದೆ. ಹಳೇ ಟಾರ್ಚ್ ಸೆಲ್ ಒಡೆದಾಗ ನಡುವೆ ಸಿಗುತ್ತಿದ್ದ ಕಪ್ಪು ಕಡ್ಡಿ ನೆನಪಿದೆಯಾ? ಅದೂ ಕಾರ್ಬನ್ನೇ.

ತಾಮ್ರದ ಮುಂದೆ ಕಾರ್ಬನ್ ನಾರು ಸುಮಾರು ಸಾವಿರ ಪಟ್ಟು ಕಳಪೆ, ನಿಜ. ಆದರೂ 60 ಅಡಿ ದೋಟಿಯ ನಾರು ಒಡ್ಡುವ ತಡೆ ಕೆಲವೇ ಓಮ್. ನಿಮ್ಮ ಮೈಯದ್ದು ಸಾವಿರ ಓಮ್ ಆಸುಪಾಸು. 11,000 ವೋಲ್ಟ್ ಇರುವುದು ಎರಡು ತಂತಿಗಳ ನಡುವೆ; ಲೈನಿನ ಒಂದು ತಂತಿಗೂ ನೆಲಕ್ಕೂ ನಡುವೆ ಸುಮಾರು 6,350 ವೋಲ್ಟ್. ಅಷ್ಟೂ ಹೆಚ್ಚುಕಡಿಮೆ ನಿಮ್ಮ ಮೈಮೇಲೇ ಬೀಳುತ್ತದೆ.

ಬೀಪ್ ಯಾಕೆ ಬರಲಿಲ್ಲ? ದೋಟಿಯ ಮೇಲೆ ಅಂಟಿನ, ಬಣ್ಣದ ತೆಳು ಪದರ ಇರುತ್ತದೆ. ಮೀಟರಿನ 9 ವೋಲ್ಟ್ ಬ್ಯಾಟರಿಗೆ ಅದನ್ನು ದಾಟುವ ತಾಕತ್ತಿಲ್ಲ. ಲೈನಿಗೆ ಅದು ಲೆಕ್ಕಕ್ಕೇ ಇಲ್ಲ. ಮುರಿದ ದೋಟಿಯ ತುಂಡೊಂದರ ಎರಡೂ ತುದಿ ಉಜ್ಜಿ ನಾನು ಮೀಟರ್ ಹಿಡಿದೆ, ಕೂಗಿಕೊಂಡಿತು. ಹಿಡಿಗೆ ಕಪ್ಪು ಟೇಪ್ ಸುತ್ತಿ, 'ಶಾಕ್ ಪ್ರೂಫ್' ಅಂತ ಜಾಸ್ತಿ ದುಡ್ಡು ಕೀಳುವವರಿಗೆ ನಾಚಿಕೆಯಾಗಬೇಕು. ಆ ಟೇಪ್ ಮನೆ ವೈರಿಂಗಿಗೆ ಮಾಡಿದ್ದು.

ದೋಟಿ ವಾಲಿ ಬಿದ್ದರೂ ತಂತಿ ಮುಟ್ಟಬಾರದು, ಅಷ್ಟು ದೂರ ನಿಲ್ಲಿ. ಅಂಚಿನ ಮರ ಕೊಯ್ಯಲೇಬೇಕಾದರೆ ಸಬ್‌ಸ್ಟೇಷನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ. ಲೈನ್‌ಮನ್ ಬಂದು ಅರ್ತ್ ಮಾಡಿ (ತಂತಿಯನ್ನು ನೆಲಕ್ಕೆ ಜೋಡಿಸಿ) 'ಹೂಂ' ಅನ್ನುವವರೆಗೆ ದೋಟಿ ಎತ್ತಬೇಡಿ. ಮನೆಯಲ್ಲಿ ಕರೆಂಟ್ ಹೋಗಿದೆ ಅನ್ನುವ ಧೈರ್ಯವಂತೂ ಬೇಡವೇ ಬೇಡ. ನನ್ನ ತೋಟವಾಗಿದ್ದರೆ ಆ ಸಾಲಿನ ಅಡಿಕೆ ಗೊನೆ ಉದುರಿ ಹೋಗಲಿ ಅಂತ ಬಿಟ್ಟುಬಿಡುತ್ತಿದ್ದೆ.

ಪ್ರಶ್ನೆ: ಬಿದಿರಿನ ದೋಟಿ ಆದರೆ?

ಉತ್ತರ: ಮಳೆಯಲ್ಲಿ ನೆಂದು, ಮೇಲೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸುರಿದ ಬಿದಿರನ್ನು ನಾನು ನಂಬುವುದಿಲ್ಲ. ಔಷಧಿ ಪೈಪಿನೊಳಗೆ ಮೈಲುತುತ್ತದ ನೀರು ಬೇರೆ.

ಪ್ರಶ್ನೆ: ಗಮ್‌ಬೂಟು ಹಾಕಿದ್ದರೆ?

ಉತ್ತರ: ಕೆಸರಿಗೆ ಒಳ್ಳೆಯದು.

ಪ್ರಶ್ನೆ: ಸಿಡಿಲು ಹೊಡೆಯುವಾಗ ಕಾರಿನಲ್ಲಿ ಕೂತರೆ ಟೈರಿನ ರಬ್ಬರ್ ಕಾಯುತ್ತದಾ?

ಉತ್ತರ: ಕಾಯುವುದು ಸುತ್ತಲಿನ ತಗಡು. ಮೋಡದಿಂದ ನೆಲದವರೆಗೆ ಗಾಳಿ ಸೀಳಿ ಬಂದದ್ದಕ್ಕೆ ಅಂಗೈ ಅಗಲದ ರಬ್ಬರ್ ಯಾವ ಲೆಕ್ಕ?

ಪ್ರಶ್ನೆ: ಲೈನ್ ತಗುಲಿದವರನ್ನು ಒಣ ಕೋಲಿನಿಂದ ತಳ್ಳಬಹುದಾ?

ಉತ್ತರ: ಆ ಪಾಠ ಮನೆಯ 230 ವೋಲ್ಟಿಗೆ. 11 ಕೆ.ವಿ. ಆದರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ. ತಕ್ಷಣ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ.