ಮನೆ ಕೂಟಕ್ಕೆ ಜನ ಬರುತ್ತಾರೆ, ಆದರೆ ಹತ್ತಿರವಾಗುತ್ತಿಲ್ಲ: ಏನು ಮಾಡಬೇಕು?

ನೀವು ಕೇಳಿದ್ದು ಇದು: ಮುಂಬೈ ಹತ್ತಿರದ ಕಲ್ಯಾಣ್ ಕಡೆಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿದ್ದೀರಿ. ಪಾಸ್ಟರ್ ನಿಮಗೆ ಒಂದು ಮನೆ ಕೂಟ ನಡೆಸುವ ಜವಾಬ್ದಾರಿ ಕೊಟ್ಟಿದ್ದಾರೆ. ಜನ ಬರುತ್ತಾರೆ, ಹಾಡುತ್ತಾರೆ, ವಾಕ್ಯ ಕೇಳುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಒಬ್ಬರ ಕಷ್ಟಸುಖ ಇನ್ನೊಬ್ಬರಿಗೆ ಗೊತ್ತಿಲ್ಲ. ಶಿಷ್ಯತ್ವ ಅನ್ನುವುದು ಎಲ್ಲಿಂದ ಶುರುವಾಗಬೇಕು?

ನಾನು ಡೊಂಬಿವಲಿಯಲ್ಲಿ ಹಲವು ವರ್ಷಗಳಿಂದ ಇಂಥ ಕೂಟ ನಡೆಸುತ್ತಿದ್ದೇನೆ. ನೀವು ಬರೆದದ್ದನ್ನು ನೋಡಿದರೆ, ನಿಮ್ಮಲ್ಲಿ ನಡೆಯುತ್ತಿರುವುದು ಮನೆ ಕೂಟವಲ್ಲ. ಭಾನುವಾರದ ಆರಾಧನೆಯೇ ಇನ್ನೊಂದು ದಿನ, ಚಿಕ್ಕ ಕೋಣೆಯಲ್ಲಿ ನಡೆಯುತ್ತಿದೆ. ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಇದನ್ನು ಬದಲಾಯಿಸದೆ ಬೇರೆ ಏನು ಮಾಡಿದರೂ ಪ್ರಯೋಜನ ಕಡಿಮೆ.

ಈ ಚಿಕ್ಕ ಗುಂಪುಗಳ ಹಿಂದೆ ಒಂದು ಹಳೆಯ ಸಂಗತಿ ಇದೆ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥೋಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಬೋಧಕ ಜಾನ್ ವೆಸ್ಲಿಯ ಜನ ಸೇರಿದ್ದು ಸಾಲ ತೀರಿಸುವ ಮಾತಾಡಲು. ಕೂಟದ ಕಟ್ಟಡದ ಮೇಲೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಹೇಳಿದರು. ಬಡವರು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ಬಂತು. ಆಗ ಪೆನ್ನಿಯ ಮಾತು ಎತ್ತಿದವರೇ, ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ವಾರ ವಾರ ಅವರ ಮನೆಗೆ ಹೋಗುತ್ತೇನೆ, ಅವರ ಹತ್ತಿರ ಇಲ್ಲದಿದ್ದರೆ ನಾನೇ ಹಾಕುತ್ತೇನೆ ಎಂದರು. ಹೀಗೆ ಪೆನ್ನಿ ಕೇಳಲು ಮನೆ ಮನೆಗೆ ಹೋದವರ ಕಣ್ಣಿಗೆ ಬೇರೆ ಸಂಗತಿಗಳೂ ಬಿದ್ದವು. ಯಾರು ಕುಡಿಯುತ್ತಿದ್ದಾರೆ, ಯಾವ ಮನೆಯಲ್ಲಿ ಜಗಳ, ಯಾರ ನಂಬಿಕೆ ಕುಂದುತ್ತಿದೆ ಎಂಬುದೆಲ್ಲ ತಿಳಿಯಿತು. ಸಾಲದ ಲೆಕ್ಕಕ್ಕೆ ಶುರುವಾದದ್ದು ಆತ್ಮಗಳ ಆರೈಕೆಯಾಯಿತು. ಹನ್ನೆರಡು ಜನರ 'ಕ್ಲಾಸ್' ಹುಟ್ಟಿದ್ದು ಹಾಗೆ. ಒಂದೇ ಕಡೆ ಸೇರುವುದು ಆಮೇಲೆ ಬಂತು. ಮೊದಲು ಬಂದದ್ದು ಮನೆಗೆ ಹೋಗುವುದು.

ನಮ್ಮ ಊರಿಗೂ ಇದು ಹೊಸದಲ್ಲ. 1871ರ ಕೊನೆಗೆ ವಿಲಿಯಂ ಟೇಲರ್ ಎಂಬ ಅಮೆರಿಕದ ಮೆಥೋಡಿಸ್ಟ್ ಬೋಧಕರು ಬಾಂಬೆಗೆ ಬಂದರು. ನಂಬಿದವರನ್ನು ಅವರು ಮನೆಗಳಲ್ಲಿ ಸೇರುವ ಚಿಕ್ಕ ಗುಂಪುಗಳಾಗಿ ಕೂಡಿಸಿದರು. ಈ ನಗರದಲ್ಲಿ ಮೆಥೋಡಿಸ್ಟ್ ಸಭೆ ಬೆಳೆದದ್ದು ಆ ಮನೆಗಳಿಂದ.

ಆದ್ದರಿಂದ ನಿಮಗೆ ನಾನು ಹೇಳುವ ಮೊದಲ ಮಾತು: ನಾಯಕನ ಮುಖ್ಯ ಕೆಲಸ ಕೂಟದ ಆ ಒಂದೂವರೆ ಗಂಟೆಯಲ್ಲಿ ಇಲ್ಲ, ಉಳಿದ ಆರು ದಿನಗಳಲ್ಲಿದೆ. ವಾರಕ್ಕೆ ಇಬ್ಬರನ್ನು ಆರಿಸಿಕೊಳ್ಳಿ. ಒಬ್ಬರ ಮನೆಗೆ ಹೋಗಿ, ಇನ್ನೊಬ್ಬರಿಗೆ ಫೋನ್ ಮಾಡಿ. 'ಯಾಕೆ ಬರಲಿಲ್ಲ' ಎಂದು ಕೇಳಲು ಹೋಗಬೇಡಿ, ಸುಮ್ನೆ ಹೋಗಿ. ಮುಂಬೈಯಲ್ಲಿ ಯಾರಿಗೂ ಟೈಮ್ ಇಲ್ಲ ಅಂತೀವಿ, ಅಲ್ವಾ? ಆದರೆ ಇಬ್ಬರಿಗೂ ಒಂದೇ ಲೋಕಲ್ ಟ್ರೈನ್ ಇದ್ದರೆ ಕಲ್ಯಾಣಿನಿಂದ ದಾದರ್ ತನಕ ಒಂದು ಗಂಟೆ ಸಿಗುತ್ತದೆ. ನಮ್ಮ ಗುಂಪಿನ ಗಂಡಸರಲ್ಲಿ ಒಳ್ಳೆಯ ಮಾತುಗಳು ನಡೆದದ್ದು ಜಾಸ್ತಿ ಟ್ರೈನ್‌ನಲ್ಲೇ. ಎದುರು ಬದುರು ಕೂತು ಹೇಳಲಾಗದ್ದನ್ನು ಪಕ್ಕದಲ್ಲಿ ನಿಂತು ಹೇಳುತ್ತಾರೆ.

ಗುಂಪು ಹತ್ತಿರ ಹತ್ತಿರದವರದ್ದಾಗಿರಲಿ. ಒಂದೇ ಸ್ಟೇಷನ್‌ನವರಾದರೆ ಒಳ್ಳೆಯದು. ಇಲ್ಲಿನ ಕಥೋಲಿಕ ಸಭೆಗಳು ತಮ್ಮ ಕುಟುಂಬಗಳನ್ನು ನೆರೆಹೊರೆಯ ಲೆಕ್ಕದಲ್ಲೇ ಚಿಕ್ಕ ಸಮುದಾಯಗಳಾಗಿ ಮಾಡಿವೆ. ಅದರಲ್ಲಿ ಕಲಿಯುವುದಿದೆ. ರಾತ್ರಿ ಜ್ವರ ಬಂದರೆ ಓಡಿ ಬರುವವರು ಪಕ್ಕದ ಗಲ್ಲಿಯವರು, ದೂರದ ಬೋರಿವಲಿಯವರಲ್ಲ.

ಈಗ ಕೂಟದ ಮಾತು. ಪ್ರಸಂಗ ನಿಲ್ಲಿಸಿ. ಪ್ರಸಂಗ ಭಾನುವಾರ ಸಿಗುತ್ತದೆ. ಚಿಕ್ಕ ಭಾಗ ತೆಗೆದುಕೊಂಡು ಪ್ರಶ್ನೆ ಕೇಳಿ. ಉದಾಹರಣೆಗೆ, ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ತೆಗೆದು, ಯೇಸುವಿನ ಮುಂದೆ ಇಳಿಸುತ್ತಾರೆ. 'ಇದು ಯಾವ ಊರಲ್ಲಿ ನಡೆಯಿತು?' ಎಂದು ಕೇಳಿದರೆ ಒಬ್ಬರು 'ಕಪೆರ್ನೌಮ್' ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. 'ನಿಮ್ಮನ್ನು ಯಾರಾದರೂ ಹೀಗೆ ಹೊತ್ತ ಕಾಲ ಉಂಟಾ?' ಎಂದು ಕೇಳಿ ನೋಡಿ. ಮೊದಲು ಎಲ್ಲರೂ ನೆಲ ನೋಡುತ್ತಾರೆ. ಆಗ ನೀವು ಬಾಯಿ ಹಾಕಬೇಡಿ, ಕಾಯಿರಿ. ಯಾರೋ ಒಬ್ಬ ಅಮ್ಮ, 'ನನ್ನ ಗಂಡ ತೀರಿಕೊಂಡಾಗ...' ಎಂದು ಶುರು ಮಾಡುತ್ತಾರೆ. ಅಲ್ಲಿಂದ ಆ ಕೋಣೆಯಲ್ಲಿರುವವರು ಒಬ್ಬರಿಗೊಬ್ಬರು ಬೇರೆಯೇ ಆಗುತ್ತಾರೆ.

ಕೊನೆಗೆ ಒಂದೇ ಪ್ರಶ್ನೆ ಇರಲಿ: ಈ ವಾರ ನಾನು ಏನು ಮಾಡುತ್ತೇನೆ? ಉತ್ತರ ಚಿಕ್ಕದಾಗಿರಬೇಕು, ಮಾಡಲು ಆಗುವಂಥದ್ದಾಗಿರಬೇಕು. 'ದೇವರಿಗೆ ಹತ್ತಿರವಾಗುತ್ತೇನೆ' ಎಂದರೆ ಸಾಲದು. 'ಮಾತು ಬಿಟ್ಟ ತಮ್ಮನಿಗೆ ಗುರುವಾರ ಫೋನ್ ಮಾಡುತ್ತೇನೆ' ಎಂದರೆ ಆಯಿತು. ಮುಂದಿನ ವಾರ ಕೂಟ ಶುರುವಾಗುವುದು ಅದನ್ನು ಕೇಳುವುದರಿಂದಲೇ. ಮಾಡದಿದ್ದರೆ ಬೈಯಬೇಡಿ, ಏನು ಅಡ್ಡ ಬಂತು ಎಂದು ಕೇಳಿ, ಅದಕ್ಕಾಗಿ ಪ್ರಾರ್ಥಿಸಿ. ನೀವು ಕೇಳಿದ ಶಿಷ್ಯತ್ವ ಶುರುವಾಗುವುದು ಇಲ್ಲಿಂದ. ಕೇಳಿದ ವಾಕ್ಯವನ್ನು ಮಾಡಿ ನೋಡುವುದು, ಮಾಡಿದಿರಾ ಎಂದು ಪ್ರೀತಿಯಿಂದ ಕೇಳುವವರೊಬ್ಬರು ಇರುವುದು. ಇದಿಲ್ಲದೆ ಎಷ್ಟು ಅಧ್ಯಾಯ ಓದಿದರೂ ತಿಳಿವಳಿಕೆ ಮಾತ್ರ ಬೆಳೆಯುತ್ತದೆ.

ಭಾಷೆಯ ಕಷ್ಟ ನಿಮಗೂ ಇರುತ್ತದೆ. ಇಲ್ಲೇ ಹುಟ್ಟಿದ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಸತ್ಯವೇದ ಓದಲು ಬರುವುದಿಲ್ಲ. ಸರದಿಯಲ್ಲಿ ವಾಕ್ಯ ಓದಿಸಿದರೆ ತಡವರಿಸುತ್ತಾರೆ, ನಾಚಿಕೆಯಾಗಿ ಮುಂದಿನ ವಾರ ಬರುವುದೇ ಇಲ್ಲ. ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಓದಲಿ, ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳಲಿ. ಕಲಬುರಗಿ, ಬೀದರ್ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಓದು ಬಾರದವರೂ ಇರುತ್ತಾರೆ. ಯಾರನ್ನೂ ಕೇಳದೆ ಓದಲು ಹೇಳಬೇಡಿ. ವಾಕ್ಯವನ್ನು ಎರಡು ಸಲ ಓದಿಸಿ, ಆಮೇಲೆ ಒಬ್ಬರು ಪುಸ್ತಕ ಮುಚ್ಚಿ ಅದನ್ನು ಕಥೆಯಂತೆ ಹೇಳಲಿ. ಓದು ಬಾರದ ಅಜ್ಜಿಯರೇ ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ.

ಯಾವಾಗಲೂ ಫ್ಲ್ಯಾಟ್ ಇರುವವರ ಮನೆಯಲ್ಲೇ ಸೇರಬೇಡಿ. ಚಾಳಿನ ಒಂದೇ ಕೋಣೆಯ ಮನೆಯಲ್ಲೂ ಸೇರಿ. ಜಾಗ ಇಲ್ಲದಿದ್ದರೆ ಬಾಗಿಲಲ್ಲಿ ಕೂತರಾಯಿತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ನುಂಫಳ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಒಬ್ಬರ ಮನೆಗೆ ಸಭೆ ಬರುವುದು ಆ ಮನೆಯವರಿಗೆ ದೊಡ್ಡ ಗೌರವ. ಬಡವರಿಗೆ ಅದನ್ನು ತಪ್ಪಿಸಬಾರದು. ಇದಕ್ಕಾಗಿಯೇ ತಿಂಡಿಗೆ ಒಂದು ಮಿತಿ ಇಡಿ: ಚಹಾ, ಬಿಸ್ಕತ್ತು, ಅಷ್ಟೇ. ಒಂದು ಮನೆಯಲ್ಲಿ ಬಿರಿಯಾನಿ ಮಾಡಿದರೆ ಮುಂದಿನ ಮನೆಯವರು ಕೂಟ ಬೇಡ ಅನ್ನುತ್ತಾರೆ. ಹಾಡುವಾಗ ಅಕ್ಕಪಕ್ಕದ ಗೋಡೆಗಳನ್ನು ನೆನೆಯಿರಿ. ಮೈಕ್ ಬೇಡವೇ ಬೇಡ.

ಪ್ರಾರ್ಥನೆ ವಿಷಯಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. 'ಅವರಿಗಾಗಿ ಪ್ರಾರ್ಥಿಸಿ' ಎಂಬ ನೆಪದಲ್ಲಿ ಒಬ್ಬರ ಮನೆಯ ಮಾತು ಇಡೀ ಸಭೆಗೆ ಹರಡುತ್ತದೆ. ಕೂಟದಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂದು ಪ್ರತಿ ತಿಂಗಳೂ ನೆನಪಿಸಿ. ಹೇಳಿದವರನ್ನು ಕೇಳದೆ ವಾಟ್ಸಾಪ್ ಗ್ರೂಪ್‌ನಲ್ಲಿ ಏನನ್ನೂ ಹಾಕಬೇಡಿ. ಆದರೆ ಯಾರಿಗಾದರೂ ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಮಗುವಿಗೆ ಅಪಾಯವಿದ್ದರೆ, ಸಾಯುವ ಮಾತಾಡಿದರೆ, ಅದನ್ನು ಗುಟ್ಟಾಗಿ ಇಡಬಾರದು. ಅವರ ಜೊತೆ ನಿಂತು, ಕೂಡಲೇ ಪಾಸ್ಟರಿಗೆ, ಡಾಕ್ಟರಿಗೆ, ಬೇಕಾದರೆ ಪೊಲೀಸರಿಗೆ ತಿಳಿಸಬೇಕು. ಇದನ್ನೂ ಮೊದಲೇ ಹೇಳಿಡಿ.

ಒಂದೇ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಅದಕ್ಕೇ ಕೊನೆಯ ಅರ್ಧ ಗಂಟೆ ಇಬ್ಬರು ಮೂವರಾಗಿ ಕೂತು ಪ್ರಾರ್ಥಿಸಲಿ. ಹೆಂಗಸರು ಹೆಂಗಸರ ಜೊತೆ, ಗಂಡಸರು ಗಂಡಸರ ಜೊತೆ. ಒಂದೇ ಮನೆಯವರು ಒಂದೇ ಕಡೆ ಬೇಡ. 'ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ' ಎಂದು ಯಾಕೋಬನು ಬರೆದದ್ದನ್ನು ಮಾಡಲು ಮೂವರೇ ಸಾಕು.

ಹಣದ ವಿಷಯ ಎರಡೇ ಮಾತು. ಗುಂಪಿನೊಳಗೆ ಸಾಲ, ಚೀಟಿ ಬೇಡ. ಕಷ್ಟದಲ್ಲಿರುವವರಿಗೆ ಕೊಡುವುದಾದರೆ ವಾಪಸ್ ಕೇಳದೆ ಕೊಡಿ.

ಇನ್ನು, ಮೊದಲ ದಿನದಿಂದಲೇ ನಿಮ್ಮ ಪಕ್ಕದಲ್ಲಿ ಒಬ್ಬರನ್ನು ಬೆಳೆಸಿ. ಇದನ್ನು ಮುಂದೂಡಬೇಡಿ. ಯೇಸು ಸ್ವಾಮಿ ಹನ್ನೆರಡು ಜನರನ್ನು ಆರಿಸಿದರು, ಅವರಲ್ಲೂ ಪೇತ್ರ, ಯಾಕೋಬ, ಯೋಹಾನರನ್ನು ಇನ್ನೂ ಹತ್ತಿರ ಇಟ್ಟುಕೊಂಡರು. ಪೌಲನು ತಿಮೊಥೆಯನಿಗೆ, ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಬೇರೆಯವರಿಗೆ ಕಲಿಸಲಿ ಎಂಬ ಅರ್ಥದಲ್ಲಿ ಬರೆದನು. ಚೆನ್ನಾಗಿ ಮಾತಾಡುವವರನ್ನೇ ಹುಡುಕಬೇಡಿ. ಯಾರು ಬರಲಿಲ್ಲ ಎಂದು ಗಮನಿಸುವವರನ್ನು, ಕೂಟ ಮುಗಿದ ಮೇಲೆ ಯಾರೂ ಹೇಳದೆ ಚಾಪೆ ಮಡಚುವವರನ್ನು ನೋಡಿ. ಅವರಿಗೆ ಮೊದಲು ಪ್ರಾರ್ಥನೆಯ ಭಾಗ ಕೊಡಿ, ಆಮೇಲೆ ಪ್ರಶ್ನೆಗಳನ್ನು ಕೊಡಿ. ಮನೆ ಭೇಟಿಗೆ ಜೊತೆಗೆ ಕರೆದುಕೊಂಡು ಹೋಗಿ.

ಹನ್ನೆರಡು ಹದಿಮೂರು ಜನ ದಾಟಿದರೆ ಮಾತು ಮತ್ತೆ ಇಬ್ಬರು ಮೂವರದ್ದೇ ಆಗುತ್ತದೆ. ಆಗ ಗುಂಪನ್ನು ಎರಡು ಮಾಡಬೇಕು. ಯಾರಿಗೂ ಇಷ್ಟವಿರುವುದಿಲ್ಲ, ಅಳುವವರೂ ಇರುತ್ತಾರೆ. ಕೆಲವು ತಿಂಗಳು ಮೊದಲೇ ಹೇಳಿಡಿ. ಹಳೆಯ ಗುಂಪನ್ನು ನೀವು ಬೆಳೆಸಿದವರ ಕೈಗೆ ಕೊಟ್ಟು, ಇಬ್ಬರು ಮೂವರೊಂದಿಗೆ ನೀವೇ ಹೊಸ ಮನೆಗೆ ಹೋಗಿ. ಎರಡು ಗುಂಪೂ ತಿಂಗಳಿಗೊಮ್ಮೆ ಒಟ್ಟಿಗೆ ಊಟಕ್ಕೆ ಸೇರಲಿ. ಈ ಊಟಕ್ಕೆ ಮಾತ್ರ ಬಿರಿಯಾನಿ ಇರಲಿ, ಆದರೆ ಖರ್ಚು ಎಲ್ಲರದ್ದೂ.