‘ಪ್ರೇಮಕಥೆ ತಾನೇ, ಯಾರು ನೋಡ್ತಾರೆ?’

ಪ್ರಶ್ನೆ: ಅಕ್ಕಾ, ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮ ಕಾದಂಬರಿಗಳೆಂದರೆ ನನಗೆ ಪ್ರಾಣ. ನಮ್ಮಣ್ಣ ಇತಿಹಾಸ ಓದಿದವನು. ‘ಅದರಲ್ಲಿ ಇರೋದೆಲ್ಲ ತಪ್ಪು, ಸುಮ್ನೆ ಟೈಮ್ ವೇಸ್ಟ್’ ಎಂದು ನಗುತ್ತಾನೆ. ಕೆಲವು ತಪ್ಪುಗಳು ನನಗೂ ಕಾಣಿಸುತ್ತವೆ. ಪ್ರೇಮಕಥೆಯಲ್ಲಿ ಇತಿಹಾಸ ಎಷ್ಟು ಸರಿ ಇರಬೇಕು? ಇವನ್ನು ಇಷ್ಟಪಡುವುದಕ್ಕೆ ನಾಚಿಕೆಪಡಬೇಕಾ?

ಉತ್ತರ: ನಾಚಿಕೆ ಖಂಡಿತ ಬೇಡ. ಉಳಿದ ಪ್ರಶ್ನೆಗೆ ನನ್ನದೇ ಒಂದು ಅನುಭವ ಹೇಳುತ್ತೇನೆ.

ನಾನು ಬಹಳ ವರ್ಷ ಕಾದಂಬರಿಗಳ ಹಸ್ತಪ್ರತಿ ತಿದ್ದಿಕೊಡುತ್ತಿದ್ದೆ. ಒಮ್ಮೆ 1812ರ ಲಂಡನ್ನಿನ ಕಥೆಯೊಂದು ಬಂತು. ಕತ್ತಲ ಕೋಣೆ. ನಾಯಕ ಬೆಂಕಿಕಡ್ಡಿ ಗೀರುತ್ತಾನೆ, ಮೇಣದಬತ್ತಿ ಹೊತ್ತಿಕೊಳ್ಳುತ್ತದೆ, ನಾಯಕಿಯ ಮುಖ ಕಾಣುತ್ತದೆ. ಆದರೆ ಗೀರಿದರೆ ಹೊತ್ತುವ ಕಡ್ಡಿಯನ್ನು ಜಾನ್ ವಾಕರ್ ಎಂಬ ಔಷಧ ವ್ಯಾಪಾರಿ ಇಂಗ್ಲೆಂಡಿನಲ್ಲಿ ಮಾರಲು ಶುರು ಮಾಡಿದ್ದೇ 1827ರಲ್ಲಿ. ಪುಟದ ಅಂಚಿನಲ್ಲಿ ಇದನ್ನು ಬರೆದು ಕಳಿಸಿದೆ. ‘ಪ್ರೇಮಕಥೆ ತಾನೇ, ಯಾರು ನೋಡ್ತಾರೆ?’ ಎಂದು ಉತ್ತರ ಬಂತು. ಪುಸ್ತಕ ಹಾಗೇ ಅಚ್ಚಾಯಿತು.

ನನಗೆ ಇವತ್ತಿಗೂ ಬೇಜಾರಿದೆ. ಕಡ್ಡಿಯ ಸಲುವಾಗಿ ಅಲ್ಲ. ಆಗ ದೀಪ ಹಚ್ಚಬೇಕಾದರೆ ಚಕಮಕಿ ಕಲ್ಲಿಗೆ ಉಕ್ಕಿನ ತುಂಡು ಬಡಿಯಬೇಕಿತ್ತು. ಕಿಡಿ ಸುಟ್ಟ ಬಟ್ಟೆಯ ಚೂರಿನ ಮೇಲೆ ಬೀಳಬೇಕು, ಅದನ್ನು ಮೆಲ್ಲಗೆ ಊದಬೇಕು, ಗಂಧಕ ಹಚ್ಚಿದ ಕಡ್ಡಿಗೆ ಬೆಂಕಿ ತಗುಲಿಸಿಕೊಂಡು ಆಮೇಲೆ ಬತ್ತಿಗೆ ಹಿಡಿಯಬೇಕು. ಬಟ್ಟೆ ತೇವವಾಗಿದ್ದರೆ ನಿಮಿಷಗಟ್ಟಲೆ ಒದ್ದಾಟ. ಅಷ್ಟು ಹೊತ್ತೂ ಇಬ್ಬರೂ ಕತ್ತಲಲ್ಲೇ ನಿಂತಿರುತ್ತಾರೆ. ಅವನ ಕೈ ನಡುಗಿದ್ದು ಕಲ್ಲಿನ ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತದೆ. ಎಷ್ಟು ಒಳ್ಳೆಯ ದೃಶ್ಯ ಅಲ್ವಾ? ಆ ಲೇಖಕರು ಅದನ್ನು ಬೇಡವೆಂದರು.

ಈಗ ನೋಡಿ, ನಿಮ್ಮಣ್ಣ ಹೇಳುವುದಕ್ಕೂ ಆ ಲೇಖಕರು ಬರೆದದ್ದಕ್ಕೂ ವ್ಯತ್ಯಾಸವಿಲ್ಲ. ಪ್ರೇಮಕಥೆಗೆ ಇಷ್ಟೆಲ್ಲ ಶ್ರಮ ಯಾಕೆ ಎಂದೇ ಇಬ್ಬರೂ ಅಂದುಕೊಂಡಿದ್ದಾರೆ. ಅಣ್ಣನ ಮಾತಿಗಿಂತ ಬರೆಯುವವರೇ ಹಾಗೆ ಅಂದುಕೊಳ್ಳುವುದು ನನಗೆ ಜಾಸ್ತಿ ನೋವು ಕೊಡುತ್ತದೆ.

ಎಷ್ಟು ಸರಿ ಇರಬೇಕು ಅಂತ ಕೇಳಿದ್ದೀರಿ. ನಾನು ಒಂದನ್ನು ನೋಡುತ್ತೇನೆ: ಆ ತಪ್ಪಿನಿಂದ ಪ್ರೇಮಿಗಳ ದಾರಿ ಸುಲಭವಾಗಿಬಿಟ್ಟಿತಾ? ಆಗ ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಿರುದಿನ ಶ್ರೀಮಂತರಾದ ಡ್ಯೂಕ್‌ಗಳು ಎರಡು ಮೂರು ಡಜನ್‌ಗಿಂತ ಹೆಚ್ಚಿರಲಿಲ್ಲ. ಕಾದಂಬರಿಗಳಲ್ಲಿ ನೂರಾರು ಜನ ಸಿಗುತ್ತಾರೆ. ಇರಲಿ, ಕಥೆಗೆ ಅಷ್ಟು ಸಲುಗೆ ಬೇಕು. ಮಾತಿನ ಶೈಲಿ ಇಂದಿನದಾಗಿದ್ದರೂ ನನಗೆ ತೊಂದರೆಯಿಲ್ಲ. ಆದರೆ ಅದೇ ಕಾಲದ ನಾಯಕಿ ಗಂಡನ ಮೇಲೆ ಬೇಸತ್ತು ವಕೀಲರನ್ನು ಕಂಡು ಡೈವೋರ್ಸ್ ತೆಗೆದುಕೊಂಡುಬಿಟ್ಟರೆ ನಾನು ಪುಸ್ತಕ ಮುಚ್ಚುತ್ತೇನೆ. 1857ರ ಕಾನೂನು ಬರುವ ತನಕ ಇಂಗ್ಲೆಂಡಿನಲ್ಲಿ ಮದುವೆ ಮುರಿದುಕೊಂಡು ಮತ್ತೆ ಮದುವೆಯಾಗಬೇಕಾದರೆ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಹಾಗೆ ಬಿಡುಗಡೆ ಪಡೆದ ಹೆಂಗಸರು ನಾಲ್ಕೇ ನಾಲ್ಕು ಜನ. ಆ ನಾಯಕಿಯ ಬದುಕಿನ ದೊಡ್ಡ ಗೋಡೆಯನ್ನೇ ಲೇಖಕರು ಒಂದು ಸಾಲಿನಲ್ಲಿ ಕೆಡವಿಬಿಟ್ಟರು. ಇನ್ನು ಅವಳ ಧೈರ್ಯಕ್ಕೆ ಏನು ಕೆಲಸ ಉಳಿಯಿತು?

ಪ್ರೇಮಪತ್ರವನ್ನೇ ತೆಗೆದುಕೊಳ್ಳಿ. ಕಾದಂಬರಿಗಳಲ್ಲಿ ನಾಯಕಿ ಲಕೋಟೆ ಒಡೆದು ನಾಲ್ಕು ಹಾಳೆಯ ಪತ್ರ ಓದುತ್ತಿರುತ್ತಾಳೆ. 1840ರ ಜನವರಿಯಲ್ಲಿ ಒಂದು ಪೆನ್ನಿ ದರದ ಅಂಚೆ ಬರುವವರೆಗೆ ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದವರು ಪತ್ರ ಪಡೆದವರು. ದೂರ ಎಷ್ಟು, ಹಾಳೆ ಎಷ್ಟು ಎಂದು ಲೆಕ್ಕ ಹಾಕಿ ವಸೂಲಿ. ಲಕೋಟೆಯೂ ಇನ್ನೊಂದು ಹಾಳೆಯೇ. ಅದಕ್ಕೇ ಜನ ಒಂದೇ ಹಾಳೆಯಲ್ಲಿ ಬರೆದು, ಅದನ್ನೇ ಮಡಿಸಿ, ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಮುಗಿದರೆ ಹಾಳೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಬರೆಯುತ್ತಿದ್ದರು. ಹಾಗಾದರೆ ಅವಳ ಪತ್ರಕ್ಕೆ ದುಡ್ಡು ಕೊಡುವವರು ಯಾರು? ಮನೆಯ ಯಜಮಾನ, ಅಂದರೆ ಅಪ್ಪ. ಅವನ ಕಣ್ಣಿಗೆ ಬೀಳದೆ ಪತ್ರ ಅವಳ ಕೈ ಸೇರುವುದು ಹೇಗೆ? ನಿಶ್ಚಯವಾಗದ ಹುಡುಗ ಹುಡುಗಿ ಪತ್ರ ಬರೆದುಕೊಳ್ಳುವುದೇ ಮರ್ಯಾದೆಗೇಡು ಎನ್ನುವ ಕಾಲ ಬೇರೆ. ನಿಜ ಸಂಗತಿ ಇಟ್ಟುಕೊಂಡರೆ ಆ ಒಂದು ಹಾಳೆಗೆ ಎಷ್ಟು ಬೆಲೆ ಬರುತ್ತದೆ ನೋಡಿ.

ಓಡಿಹೋಗಿ ಮದುವೆಯಾಗುವ ಕಥೆಗಳೂ ಹೀಗೆಯೇ. 1754ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ 21 ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ಅಪ್ಪನ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡಿಗೆ ಆ ಕಾನೂನಿಲ್ಲ. ಅದಕ್ಕೇ ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್‌ಗೆ ಅಷ್ಟು ಹೆಸರು. ಲಂಡನ್ನಿನಿಂದ 300 ಮೈಲಿಗೂ ಜಾಸ್ತಿ, ಅದೂ ಕುದುರೆ ಗಾಡಿಯಲ್ಲಿ. ರಾತ್ರಿ ಹೊರಟು ಬೆಳಗ್ಗೆ ತಲುಪಿಸುವ ಕಾದಂಬರಿ ಓದಿದರೆ ಸಿಟ್ಟು ಬರುತ್ತದೆ. ಆ ದಾರಿಯ ದಣಿವು, ಜಗಳ, ಅನುಮಾನ, ಎಲ್ಲ ಹೋಯಿತಲ್ಲ!

ನಿಮ್ಮಣ್ಣನಿಗೆ ಒಂದು ಮಾತು ಹೇಳಿ. ತಪ್ಪು ಎಂದು ನಗುವ ಮುಂಚೆ ಅದು ನಿಜವಾಗಿ ತಪ್ಪೇ ಎಂದು ಅವರೂ ನೋಡಬೇಕು. ಟಿಫನಿ ಎಂಬ ಹೆಸರು ಈಗಿನದು ಅನ್ನಿಸುತ್ತದೆ. ಆದರೆ ಥಿಯೋಫೇನಿಯಾ ಎಂಬುದರಿಂದ ಬಂದ ಆ ಹೆಸರು ಮಧ್ಯಯುಗದಲ್ಲೇ ಇತ್ತು. ಭಾರತೀಯ ಯುವಕ, ಬಿಳಿ ಹುಡುಗಿ, ಓಡಿಹೋಗಿ ಮದುವೆ ಎಂದು ಯಾರಾದರೂ ಬರೆದರೆ ‘ಆಗ ಇದೆಲ್ಲ ಎಲ್ಲಿತ್ತು?’ ಎನ್ನುವವರು ಬಹಳ. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಐರ್ಲೆಂಡಿನಲ್ಲಿ ಜೇನ್ ಡೇಲಿಯ ಜೊತೆ ಓಡಿಹೋಗಿ ಮದುವೆಯಾದದ್ದು 1786ರಲ್ಲಿ. 1810ರಲ್ಲಿ ಅವರು ಲಂಡನ್ನಿನಲ್ಲಿ ಭಾರತೀಯ ಅಡುಗೆಯ ಕಾಫಿ ಹೌಸ್ ಕೂಡ ತೆರೆದರು.

ಇನ್ನೊಂದು. ಯುದ್ಧದ ಕಾದಂಬರಿಯಲ್ಲಿ ತಪ್ಪು ಸಿಕ್ಕರೆ ಆ ಒಂದು ಪುಸ್ತಕವನ್ನು ಬಯ್ಯುತ್ತೇವೆ. ಪ್ರೇಮ ಕಾದಂಬರಿಯಲ್ಲಿ ಸಿಕ್ಕರೆ ‘ಇವೆಲ್ಲ ಹೀಗೇ’ ಎಂದು ಎಲ್ಲವನ್ನೂ ಸೇರಿಸಿ ಬಯ್ಯುತ್ತೇವೆ. ಇದು ಅನ್ಯಾಯ. ನೀವು ತಪ್ಪು ಕಂಡರೆ ಪುಸ್ತಕದ ಹೆಸರು ಹಿಡಿದೇ ಹೇಳಿ, ಚೆನ್ನಾಗಿದ್ದದ್ದನ್ನೂ ಹಾಗೇ ಹೆಸರು ಹಿಡಿದು ಹೊಗಳಿ.

ಪ್ರಶ್ನೆ: ಅಂಥ ಕಾಲದ ಪ್ರೇಮಕಥೆಯೊಂದನ್ನು ಬರೆಯುತ್ತಿದ್ದೇನೆ. ಓದುವುದೇ ಮುಗಿಯುತ್ತಿಲ್ಲ. ಎಲ್ಲಿಗೆ ನಿಲ್ಲಿಸಲಿ?

ಉತ್ತರ: ಮೊದಲು ವರ್ಷ ಮತ್ತು ತಿಂಗಳು ಗಟ್ಟಿ ಮಾಡಿಕೊಳ್ಳಿ. ಆಮೇಲೆ ನಿಮ್ಮ ನಾಯಕಿಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಬರೆಯಿರಿ. ಅವಳ ಕೈಯಲ್ಲಿ ದುಡ್ಡಿದೆಯಾ? ಒಬ್ಬಳೇ ಹೊರಗೆ ಹೋಗಬಹುದಾ? ಅವಳ ದೀಪ ಹಚ್ಚುವವರು ಯಾರು? ಉತ್ತರ ಗೊತ್ತಿಲ್ಲದ ಕಡೆ ಮಾತ್ರ ಮತ್ತೆ ಓದಿ. ಮೊದಲ ಅಧ್ಯಾಯ ಮುಗಿದರೆ ನನಗೆ ಕಳಿಸಿ, ಅಂಚಿನಲ್ಲಿ ಗುರುತು ಹಾಕಿಕೊಡುತ್ತೇನೆ.